ಶೆಡ್ ಅಂದ್ರ ಯಾವ ಶೆಡ್ರಿ?

ರೋಹನ ಮೊದಲ ಸಲ ನಮ್ಮ ಆಫೀಸಿಗೆ ಬಂದಾಗ ಎಣ್ಣೆ ಹತ್ತಿದ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು ಬರೀ ಸಾಕ್ಸಿನಲ್ಲಿ ಒಳಗೆ ಬಂದ. ಬಲಗಾಲಿನ ಹೆಬ್ಬೆರಳು ಸಾಕ್ಸಿನ ತೂತಿನಿಂದ ಹೊರಗೆ ಇಣುಕುತ್ತಿತ್ತು. ನಾನು ಆ ಹೆಬ್ಬೆರಳನ್ನು ನೋಡಿದೆ, ಅವನ ಮುಖ ನೋಡಿದೆ, ಮತ್ತೆ ಕಂಪ್ಯೂಟರಿನ ಕಡೆ ತಿರುಗಿದೆ. ಒಬ್ಬ ಮನುಷ್ಯ ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಲು ಆಗ ನನಗೆ ಅಷ್ಟು ಹೊತ್ತು ಸಾಕಾಗುತ್ತಿತ್ತು.

ನಾನು ನೇತ್ರಾ. ಗಡಹಿಂಗ್ಲಜದ ಕಿರಾಣಿ ವ್ಯಾಪಾರಿ ಸಿದ್ರಾಮನ ಮಗಳು. ಇಂಗ್ಲಿಷಿನಲ್ಲಿ ಎಂ.ಎ., ಅದೂ ಫಸ್ಟ್ ಕ್ಲಾಸ್. ಕೊಲ್ಹಾಪುರದಲ್ಲಿ ಇಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡು, ಶಿರೋಳಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಮಗ್ಗ ತಯಾರಿಸುವ ಒಂದು ಕಂಪನಿಯಲ್ಲಿ ಪರದೇಶದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಮಾಲೀಕ ನಿಲೇಶ ಸಾಹೇಬರ ಇಂಗ್ಲಿಷನ್ನು ಮನಸ್ಸಿನಲ್ಲೇ ತಿದ್ದುವುದು ನನ್ನ ದಿನನಿತ್ಯದ ಮನರಂಜನೆ. ಆಫೀಸಿನಲ್ಲಿ ಎಲ್ಲರದೂ ಮರಾಠಿ. ನನ್ನ ಮನೆಮಾತು ಕನ್ನಡ ಎಂದು ಎರಡು ವರ್ಷದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಆ ಕಡೆ ಕನ್ನಡವೆಂದರೆ ಇಚಲಕರಂಜಿಯ ಮಗ್ಗದ ಕೂಲಿಯವರ ಮಾತು ಎಂದು ನಾನೇ ತಿಳಿದಿದ್ದೆ.

ಅವತ್ತು ಬೆಳಿಗ್ಗೆ ಕ್ರೊಯೇಶಿಯಾದಿಂದ ಒಂದು ಮೇಲ್ ಬಂದಿತ್ತು. ಅಲ್ಲಿಯ ಒಂದು ಸಣ್ಣ ಬಟ್ಟೆ ಗಿರಣಿ ನಮ್ಮಿಂದ ಆರು ಮಗ್ಗ ಕೊಳ್ಳುವುದಿತ್ತು. ಯಂತ್ರದ ಜೊತೆ ಅವರ ಭಾಷೆಯಲ್ಲೇ ಕೈಪಿಡಿ ಇರಬೇಕೆಂಬುದು ಅಲ್ಲಿಯ ಕಾನೂನು. ನಿಲೇಶ ಸಾಹೇಬರು ನಮ್ಮ ಇಂಗ್ಲಿಷ್ ಕೈಪಿಡಿಯನ್ನು ಮೊಬೈಲಿನ ಆ್ಯಪ್‌ಗೆ ಹಾಕಿ, ಬಂದದ್ದನ್ನು ಹಾಗೇ ಕಳಿಸಿಬಿಟ್ಟಿದ್ದರು. ಗಿರಣಿಯ ಮ್ಯಾನೇಜರ್ ಇವಾನಾ ಎಂಬ ಹೆಂಗಸು ಬರೆದಿದ್ದಳು: ಮಗ್ಗ ನಡೆಯುವಾಗ ಹಿತ್ತಿಲಿನ ಕಟ್ಟಿಗೆ ಕೋಣೆಯಲ್ಲಿ ಕೈ ಹಾಕಬಾರದೆಂದು ನೀವು ಹನ್ನೊಂದು ಕಡೆ ಹೇಳಿದ್ದೀರಿ; ನಮ್ಮಲ್ಲಿ ಅಂಥ ಕೋಣೆ ಇಲ್ಲ; ಸರಿಯಾದ ಕೈಪಿಡಿ ಬರುವ ತನಕ ಯಂತ್ರ ಕಳಿಸಬೇಡಿ.

ಎಲ್ಲ ಒಂದೇ ಶಬ್ದದ ಕಿತಾಪತಿ. ಇಂಗ್ಲಿಷಿನಲ್ಲಿ ‘ಶೆಡ್’ ಎಂದಿತ್ತು, ಆ್ಯಪ್ ಅದನ್ನು ‘ಶೂಪಾ’ ಮಾಡಿತ್ತು, ಅಂದರೆ ಕಟ್ಟಿಗೆ ಕೋಣೆ. ಜೋಡಣೆ ವಿಭಾಗದಲ್ಲಿ ಇಚಲಕರಂಜಿ ಪಕ್ಕದ ಕೊರೋಚಿಯ ಒಬ್ಬ ಫಿಟ್ಟರ್ ಇದ್ದಾನೆ, ಮೂರು ವರ್ಷ ಕ್ರೊಯೇಶಿಯಾದ ಬಟ್ಟೆ ಕಾರ್ಖಾನೆಯಲ್ಲಿ ದುಡಿದು ಬಂದವನು ಎಂದು ಯಾರೋ ನೆನಪಿಸಿದರು. ಹಾಗೆ ಬಂದವನು ರೋಹನ.

ನಾನು ಮರಾಠಿಯಲ್ಲಿ ಅವನಿಗೆ ವಿಷಯ ಹೇಳುತ್ತಿರುವಾಗಲೇ ಅವ್ವನ ಫೋನು ಬಂತು. ಆಮೇಲೆ ಮಾಡುತ್ತೇನೆ ಎಂದು ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿ ಇಟ್ಟೆ. ಅವನು ಕೇಳಿಸಿಕೊಂಡ. ಅವನ ಕಣ್ಣು ಒಮ್ಮೆ ಮಿನುಗಿದವು.

“ಶೆಡ್ ಅಂದ್ರ ಯಾವ ಶೆಡ್ರಿ, ಮ್ಯಾಡಂ?” ಎಂದ, ಇಡೀ ಆಫೀಸಿಗೆ ಕೇಳುವಂತೆ, ಅಚ್ಚ ಕನ್ನಡದಲ್ಲಿ.

ಮೂರು ತಲೆಗಳು ನನ್ನ ಕಡೆ ತಿರುಗಿದವು. ಶೆಡ್ ಎಂದರೆ ಶೆಡ್ ಎಂದು ನಾನು ಮರಾಠಿಯಲ್ಲೇ ಕುಟುಕಿದೆ. ಅವನು ನಗಲಿಲ್ಲ, ಆದರೆ ತುಟಿಯ ಒಂದು ಮೂಲೆ ಸ್ವಲ್ಪ ಮೇಲೆ ಹೋಯಿತು. ಆ ಮೂಲೆಯನ್ನು ನಾನು ರಾತ್ರಿ ಊಟ ಮಾಡುವಾಗಲೂ ದ್ವೇಷಿಸುತ್ತಿದ್ದೆ.

ದಿನಾ ಮಧ್ಯಾಹ್ನ ಮೂರರಿಂದ ಐದರವರೆಗೆ ಇಬ್ಬರೂ ಕ್ಯಾಬಿನ್ನಿನಲ್ಲಿ ಕೂತು ಕೈಪಿಡಿಯನ್ನು ಹೊಸದಾಗಿ ಮಾಡಬೇಕೆಂದು ಸಾಹೇಬರ ಅಪ್ಪಣೆಯಾಯಿತು. ಇಂಗ್ಲಿಷ್ ನನ್ನದು, ಕ್ರೊಯೇಶಿಯನ್ ಅವನದು, ನಡುವೆ, ಅವನು ಪಟ್ಟು ಬಿಡದ್ದರಿಂದ, ಕನ್ನಡ.

ಅವನಿಗೆ ವ್ಯಾಕರಣ ಗೊತ್ತಿರಲಿಲ್ಲ. ನಾಮಪದ ಯಾವುದು, ಕ್ರಿಯಾಪದ ಯಾವುದು ಕೇಳಿದರೆ ಮೇಲಿನ ಫ್ಯಾನು ನೋಡುತ್ತಿದ್ದ. ಅವನ ಕ್ರೊಯೇಶಿಯನ್ ಎಲ್ಲ ಪಕ್ಕದ ಯಂತ್ರದ ಶ್ಟೆಫಿಚಾ ಎಂಬ ಮುದುಕಿ ಬೆರಳು ತೋರಿಸಿ ತೋರಿಸಿ ಕಲಿಸಿದ್ದಂತೆ. ಆ ಮುದುಕಿ ಸೊಂಟದ ಮೇಲೆ ಕೈಯಿಟ್ಟು ಬೈಯುವುದನ್ನು ಅವನು ಮಾಡಿ ತೋರಿಸಿದಾಗ ನಾನು ನಕ್ಕುಬಿಟ್ಟೆ. ನಕ್ಕಿದ್ದಕ್ಕೆ ಸಿಟ್ಟು ಬಂದು, ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷಿಗೆ ಎಷ್ಟು ಮಾರ್ಕು ಬಿದ್ದಿತ್ತು ಎಂದು ಕೇಳಿದೆ. ಮೂವತ್ತಾರು ಎಂದ, ನಾಚಿಕೆಯೇ ಇಲ್ಲದೆ.

ಶೆಡ್‌ಗೆ ಎಷ್ಟು ಅರ್ಥ ಎಂದು ಅವನು ಕೇಳಿದಾಗ ನಾನು ಮಾಸ್ತರಿಣಿಯ ಹಾಗೆ ಒಪ್ಪಿಸಿದೆ. ಹಿತ್ತಿಲ ಕೋಣೆ, ಕಾರ್ಖಾನೆಯ ತಗಡಿನ ಛಾವಣಿ, ಎಲೆ ಉದುರಿಸುವುದು, ಕಣ್ಣೀರು ಸುರಿಸುವುದು. ಒಂದೊಂದಕ್ಕೂ ಅವನು ಒಂದೊಂದು ಬೇರೆ ಕ್ರೊಯೇಶಿಯನ್ ಮಾತು ಹೇಳಿದ. ಅವರಲ್ಲಿ ಎಲ್ಲಕ್ಕೂ ಒಂದೇ ಶಬ್ದ ನಡೆಯುವುದಿಲ್ಲವಂತೆ. ಕೊನೆಗೆ, ಇವು ಯಾವುವೂ ಅಲ್ಲ, ಮಗ್ಗದ್ದು ಬೇರೆಯೇ ಇದೆ, ಅದಕ್ಕೆ ಶ್ಟೆಫಿಚಾ ‘ಝಿಯೆವ್’ ಅನ್ನುತ್ತಿದ್ದಳು ಎಂದ. ನಾನು ಆನ್‌ಲೈನ್ ಡಿಕ್ಷನರಿಯಲ್ಲಿ ನೋಡಿದೆ. ಝಿಯೆವ್ ಎಂದರೆ ಆಕಳಿಕೆ ಎಂದಿತ್ತು.

ಎಷ್ಟು ದಿನದಿಂದ ಕಾದಿದ್ದ ಸಂತೋಷ ಅದು! ಆಕಳಿಕೆಯಲ್ಲಿ ಕೈ ಹಾಕಬೇಡಿ ಎಂದು ಬರೆದು ಕಳಿಸೋಣವೇ, ಕಟ್ಟಿಗೆ ಕೋಣೆಗಿಂತ ಚೆನ್ನಾಗಿದೆ ಎಂದೆ. ಕ್ಯಾಬಿನ್ನಿನ ಗಾಜಿನ ಆಚೆ ಇದ್ದವರೂ ತಿರುಗುವಷ್ಟು ಜೋರಾಗಿ ನಕ್ಕೆ. ಅವನು ನನ್ನ ನಗು ಮುಗಿಯುವ ತನಕ ಕಾದ.

“ಡಿಕ್ಷನರಿ ಎಂದೂ ಮಗ್ಗಾ ನಡಿಸಿಲ್ರಿ, ಮ್ಯಾಡಂ,” ಎಂದ. “ನೀವೂ ನಡಿಸಿಲ್ಲ. ಒಮ್ಮೆ ಬಂದ ನೋಡ್ರಿ.”

ನಮ್ಮ ಕಂಪನಿಯಲ್ಲಿ ಮಗ್ಗಕ್ಕೆ ನೂಲು ಹಾಕುವುದಿಲ್ಲ, ಬರೀ ಕಬ್ಬಿಣ ತಿರುಗಿಸಿ ನೋಡಿ ಕಳಿಸುತ್ತಾರೆ. ಹಾಗಾಗಿ ಮುಂದಿನ ಶನಿವಾರ ನಾನು ಅವನ ಬೈಕಿನ ಹಿಂದೆ ಕೂತು ಕೊರೋಚಿಗೆ ಹೊರಟೆ. ಅವನ ತಪ್ಪನ್ನು ಅವನ ಮನೆಯಲ್ಲೇ ಸಾಬೀತು ಮಾಡುವುದಕ್ಕೆ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕಾಗಿ ಬೆಳಿಗ್ಗೆ ಮೂರು ಸಲ ದುಪಟ್ಟಾ ಬದಲಿಸುವ ಅಗತ್ಯವೇನಿತ್ತು ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಆ ಗಲ್ಲಿಗೆ ಕಾಲಿಡುತ್ತಲೇ ಕಿವಿ ಕಿವುಡಾದವು. ಪ್ರತಿ ಮನೆಯ ಮುಂದಿನ ಪಡಸಾಲೆಯಲ್ಲೂ ನಾಲ್ಕು ಮಗ್ಗ, ಗೋಡೆಯ ಮೇಲೆ, ಹಗ್ಗದ ಮೇಲಿನ ಬಟ್ಟೆಯ ಮೇಲೆ, ಜನರ ಹುಬ್ಬಿನ ಮೇಲೆ ಹತ್ತಿಯ ತುಪ್ಪಳ. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ಅವನ ತಾಯಿ ಚೆನ್ನವ್ವ ಅದನ್ನು ನೋಡಿದಳು.

ಅವನ ತಂದೆ ರಾಮಲಿಂಗ ಒಂದು ಮಗ್ಗ ನಿಲ್ಲಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದ. ಉದ್ದಕ್ಕೆ ಬಿಗಿದ ಹಾಸಿನ ಸಾವಿರಾರು ಎಳೆಗಳಲ್ಲಿ ಅರ್ಧ ಮೇಲೆ ಹೋದವು, ಅರ್ಧ ಕೆಳಗಿಳಿದವು. ನಡುವೆ ಒಂದು ಉದ್ದನೆಯ ಸಂದು ತೆರೆಯಿತು. ಅಡ್ಡ ಎಳೆ ಹೊತ್ತ ಲಾಳಿ ಅದರೊಳಗೆ ಹಾದುಹೋಗುತ್ತಲೇ ಮುಚ್ಚಿತು, ಮತ್ತೆ ತೆರೆಯಿತು.

“ಇದ ನೋಡವ್ವಾ ಬಾಯಿ,” ಎಂದ ರಾಮಲಿಂಗ. ಎಡಗೈ ಎತ್ತಿ ತೋರಿಸಿದ. ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. “ಹರದ ಎಳಿ ಹಿಡ್ಯಾಕ ಹೋಗಿದ್ನಿ. ಮುಚ್ಚೂಕಿಂತ ಮೊದಲ ತಗೀತೇನಿ ಅನಕೊಂಡಿದ್ನಿ.”

ನಾನು ದುಪಟ್ಟಾ ಕೆಳಗಿಳಿಸಿದೆ. ಹನ್ನೊಂದು ಕಡೆ ಬರೆದಿದ್ದ ಆ ವಾಕ್ಯ ನನಗೆ ಅಲ್ಲಿಯ ತನಕ ಬರೀ ನಗೆಯ ಮಾತಾಗಿತ್ತು. ಶಬ್ದದ ಎಲ್ಲ ಅರ್ಥಗಳನ್ನೂ ಬಾಯಿಪಾಠ ಒಪ್ಪಿಸಿದವಳಿಗೆ, ಆಕಳಿಸುವ ಈ ಬಾಯಿಯೇ ಮಗ್ಗದ ಶೆಡ್ ಎಂಬ ಅರ್ಥ ಗೊತ್ತಿರಲಿಲ್ಲ. ಮೂವತ್ತಾರು ಮಾರ್ಕಿನವನಿಗೆ ಗೊತ್ತಿತ್ತು. ಮರುದಿನ ದೊಡ್ಡ ಇಂಗ್ಲಿಷ್ ಡಿಕ್ಷನರಿ ತೆಗೆದರೆ ಅದರಲ್ಲೂ ಇತ್ತು, ಬಹಳ ಕೆಳಗೆ. ನಾನು ಅಷ್ಟು ಕೆಳಗೆ ಎಂದೂ ಓದಿರಲಿಲ್ಲ.

ಸಂಜೆ ಕೊಲ್ಹಾಪುರದಲ್ಲಿ ಬೈಕಿನಿಂದ ಇಳಿದಾಗ ಅವನು ನನ್ನ ತಲೆಯ ಕಡೆ ನೋಡಿದ. ಕೂದಲಲ್ಲಿ ಹತ್ತಿ ಸಿಕ್ಕಿದೆ ಎಂದ. ತೆಗೆಯಿರಿ ಎಂದೆ, ಯೋಚಿಸದೆ. ಅವನ ಕೈ ಹ್ಯಾಂಡಲ್ ಬಿಟ್ಟು ಅರ್ಧ ಮೇಲೆ ಬಂತು. ಮತ್ತೆ ಹ್ಯಾಂಡಲ್ಲಿಗೇ ಹೋಯಿತು.

“ರಸ್ತಾ ಐತ್ರಿ. ನೀವ ತಕ್ಕೋರಿ,” ಎಂದ, ಬೇರೆ ಕಡೆ ನೋಡುತ್ತ. ಕಿವಿ ಕೆಂಪಾಗಿದ್ದವು.

ನಾನು ರೂಮಿಗೆ ಹೋಗಿ ಕನ್ನಡಿಯಲ್ಲಿ ನೋಡಿದೆ. ಆ ಹತ್ತಿಯನ್ನು ಕೂಡಲೇ ತೆಗೆಯಲಿಲ್ಲ. ಒಬ್ಬ ಫಿಟ್ಟರನ ಮೇಲೆ ಮನಸ್ಸಾಗುವಷ್ಟು ನಾನು ಅಗ್ಗವಾದೆನೇ ಎಂದು ನನ್ನನ್ನೇ ಹೀಯಾಳಿಸಿಕೊಂಡೆ. ಹೀಯಾಳಿಸಿದಷ್ಟೂ ಅವನ ಕೆಂಪು ಕಿವಿಯೇ ಕಣ್ಣ ಮುಂದೆ ಬರುತ್ತಿತ್ತು.

ಹನ್ನೊಂದು ಕಡೆಯೂ ಝಿಯೆವ್ ಹಾಕಿದೆವು. ಕೈಪಿಡಿ ಮುಗಿಯಿತು. ಅಚ್ಚಿಗೆ ಹೋಗುವ ಮೊದಲು ನಿಲೇಶ ಸಾಹೇಬರು ಎರಡನೇ ಪುಟದಲ್ಲಿ ಅನುವಾದಕರ ಹೆಸರು ಎಂದು ನನ್ನೊಬ್ಬಳದೇ ಹಾಕಿಸಿದರು. ಹತ್ತನೇ ಇಯತ್ತೆಯ ಫಿಟ್ಟರನ ಹೆಸರು ಹಾಕಿದರೆ ಪರದೇಶದವರು ನಗುತ್ತಾರೆ, ನಿಮ್ಮದು ಎಂ.ಎ. ಅಲ್ಲವೇ ಎಂದರು. ನಾನು ತಲೆಯಾಡಿಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಅವನು ಹೇಗೂ ಆ ಪುಟ ಓದುವುದಿಲ್ಲ ಎಂದುಕೊಂಡೆ.

ಅವನು ಓದಿದ. ಕರಡು ತಿದ್ದಲು ಅವನಿಗೇ ಕೊಟ್ಟಿದ್ದರು. ಎರಡನೇ ಪುಟದ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತವು. ಮತ್ತೆ ಪುಟ ತಿರುವಿ, ಕ್ರೊಯೇಶಿಯನ್ ಅಕ್ಷರಗಳ ತಲೆಯ ಮೇಲೆ ಬಿಟ್ಟುಹೋಗಿದ್ದ ಗುರುತುಗಳನ್ನು ಒಂದೊಂದಾಗಿ ಪೆನ್ಸಿಲಿನಿಂದ ಹಾಕಿ, ಕಾಗದಗಳನ್ನು ಸರಿಮಾಡಿ ನನ್ನ ಮುಂದಿಟ್ಟ. ಮುಗಿಯಿತು, ಮ್ಯಾಡಂ ಎಂದ. ಮರಾಠಿಯಲ್ಲಿ ಎಂದ.

ಆಮೇಲೆ ಅವನು ನನ್ನೊಂದಿಗೆ ಒಂದು ಶಬ್ದವೂ ಕನ್ನಡ ಆಡಲಿಲ್ಲ. ಎದುರಾದರೆ ನಮಸ್ಕಾರ, ಕೇಳಿದರೆ ಉತ್ತರ. ಬೈಗುಳವಿಲ್ಲ, ಮುನಿಸಿನ ಮುಖವಿಲ್ಲ. ನಾನು ಇಪ್ಪತ್ತೇಳು ವರ್ಷ ಊರೆಲ್ಲರ ಮೇಲೆ ಎರಚಿದ್ದ ತಿರಸ್ಕಾರ ಎಷ್ಟು ತಣ್ಣಗಿರುತ್ತದೆ ಎಂದು ನನಗೆ ತಿಳಿದದ್ದು ಆವಾಗ.

ತಿಂಗಳ ನಂತರ ಇವಾನಾಳಿಂದ ಮೆಚ್ಚುಗೆಯ ಮೇಲ್ ಬಂತು. ಇದನ್ನು ಬರೆದವರು ಮಗ್ಗದ ಮುಂದೆ ನಿಂತವರು, ಅವರನ್ನೇ ನಾಲ್ಕು ತಿಂಗಳು ಇಲ್ಲಿಗೆ ಕಳಿಸಿ, ಯಂತ್ರ ಕೂಡಿಸಿ ನಮ್ಮ ಹೆಂಗಸರಿಗೆ ಕಲಿಸಲಿ ಎಂದು ಕೇಳಿದ್ದಳು. ಸಾಹೇಬರು ನನ್ನನ್ನೇ ಕಳಿಸುವುದೆಂದು ತೀರ್ಮಾನಿಸಿದರು. ಇಂಗ್ಲಿಷಿನಲ್ಲಿ ನಿಭಾಯಿಸಿ, ಮೊಬೈಲಿನಲ್ಲಿ ಆ್ಯಪ್ ಇದ್ದೇ ಇದೆಯಲ್ಲ ಎಂದರು. ಅದೇ ಆ್ಯಪ್! ನಾನು ಒಪ್ಪಿದೆ. ಬೆಚ್ಚಗಿನ ಒಂದು ಕೋಟನ್ನೂ ಆನ್‌ಲೈನಿನಲ್ಲಿ ತರಿಸಿದೆ. ಆ ನಾಲ್ಕು ದಿನದ ನೇತ್ರಾಳನ್ನು ನೆನೆದರೆ ಈಗಲೂ ನನಗೆ ಉಗುಳಬೇಕೆನಿಸುತ್ತದೆ.

ಐದನೇ ದಿನ, ಬರುವವರನ್ನು ಮೊದಲು ನೋಡಬೇಕೆಂದು, ಇವಾನಾ ವಿಡಿಯೋ ಕಾಲಿನಲ್ಲಿ ಪರದೆಯ ಮೇಲೆ ಬಂದಳು. ಬಿಳಿಗೂದಲ, ಅಗಲ ಮುಖದ ಹೆಂಗಸು. ನನ್ನನ್ನು ನೋಡಿ ಕೈಬೀಸಿ, ತನ್ನ ಭಾಷೆಯಲ್ಲಿ ಪ್ರೀತಿಯಿಂದ ಬಹಳ ಹೊತ್ತು ಏನೋ ಹೇಳಿದಳು. ನನಗೆ ತಿಳಿದದ್ದು ‘ಹ್ವಾಲಾ’ ಒಂದೇ. ಅದೆಂದರೆ ಧನ್ಯವಾದ. ಅವಳು ಉತ್ತರಕ್ಕೆ ಕಾದಳು. ಸಾಹೇಬರು ಮೇಜಿನ ಕೆಳಗೆ ಕಾಲು ತಾಗಿಸಿ, ಏನಾದರೂ ಹೇಳಿ ಎಂದು ಸನ್ನೆ ಮಾಡಿದರು. ಸುಳ್ಳು ಹೇಳುವುದಕ್ಕೂ ನನ್ನ ಬಳಿ ಆ ಭಾಷೆಯ ಶಬ್ದಗಳಿರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಿಮ್ಮ ಭಾಷೆ ನನಗೆ ಬರುವುದಿಲ್ಲ. ಇದನ್ನು ಮಾಡಿದವನು ರೋಹನ, ಕೆಳಗೆ ಜೋಡಣೆ ವಿಭಾಗದಲ್ಲಿದ್ದಾನೆ. ಅವನು ಹೇಳಿದ್ದನ್ನು ನಾನು ಟೈಪ್ ಮಾಡಿದೆ, ಸರಿಯಾದ ಶಬ್ದ ಹೇಳಿದಾಗ ನಕ್ಕೆ, ಆಮೇಲೆ ಅವನ ಹೆಸರಿನ ಜಾಗದಲ್ಲಿ ನನ್ನದನ್ನು ಹಾಕಿಸಿಕೊಂಡೆ. ಇಷ್ಟು ಹೇಳಿ ಎದ್ದು ಹೋಗಿ ನಾನೇ ಅವನನ್ನು ಕರೆತಂದೆ.

ಅವನು ನಿಂತುಕೊಂಡೇ ಹತ್ತು ನಿಮಿಷ ಮಾತಾಡಿದ. ಇವಾನಾ ಹೊಟ್ಟೆ ಹಿಡಿದು ನಕ್ಕಳು. ಇವನು ನಮ್ಮಜ್ಜಿಯ ಹಾಗೆ ಮಾತಾಡುತ್ತಾನೆ, ಇವನನ್ನೇ ಕಳಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿ ಕಾಲ್ ಮುಗಿಸಿದಳು. ಕಂಪನಿಯ ಮುಖಕ್ಕೆ ಮಸಿ ಬಳಿದೆ ಎಂದು ಸಾಹೇಬರು ನನ್ನ ಮೇಲೆ ಹರಿಹಾಯ್ದರು. ನಾನು ರಾಜೀನಾಮೆ ಬರೆದುಕೊಟ್ಟೆ. ಆ ಪತ್ರದಲ್ಲಿ ಅವರ ಇಂಗ್ಲಿಷಿಗೆ ತಿದ್ದುವಂಥದ್ದೇನೂ ಸಿಗದಂತೆ ನೋಡಿಕೊಂಡೆ. ಅಷ್ಟು ಸೊಕ್ಕು ಇನ್ನೂ ಉಳಿದಿತ್ತು.

ಗೇಟಿನ ಹತ್ತಿರ ರೋಹನನನ್ನು ನಿಲ್ಲಿಸಿ ತಪ್ಪಾಯಿತು ಎಂದೆ. ಅವನು ಒಂದು ತಿಂಗಳ ನಂತರ ನನ್ನೊಂದಿಗೆ ಕನ್ನಡ ಆಡಿದ.

“ಸಿಕ್ಕಬಿದ್ದ ಮ್ಯಾಲ ಖರೇ ಹೇಳಾಕ ಧೈರ್ಯಾ ಬೇಕಾಗೂದಿಲ್ರಿ, ಮ್ಯಾಡಂ. ಕರಡ ಕೈಯಾಗಿದ್ದ ದಿನಾ ಒಂದ ಮಾತ ಹೇಳಿದ್ರ, ನಿಮ್ಮ ಹೆಸರನ್ನ ನಾನ ಬರೀತಿದ್ನಿ.”

ಬೈಕ್ ಹತ್ತಿ ಹೋದ. ಅವನ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಗಡಹಿಂಗ್ಲಜಕ್ಕೆ ಬಂದು ಎಂಟು ದಿನ ಸುಮ್ಮನಿದ್ದೆ. ನಿಪ್ಪಾಣಿಯ ಒಂದು ಮನೆತನದಿಂದ ನನಗೆ ವರನ ಮಾತು ಬಂದಾಗ ಮಾತ್ರ ಅಪ್ಪ ಅವ್ವನ ಮುಂದೆ ಎಲ್ಲವನ್ನೂ ಹೇಳಿದೆ, ಕೂದಲಿನ ಹತ್ತಿಯ ತನಕ. ಅಪ್ಪ ಮೂಗಿನಿಂದ ನಕ್ಕ. ಮಗ್ಗದವನು ಕ್ರೊಯೇಶಿಯಾಕ್ಕೆ ಹೋದರೂ ಮಗ್ಗದವನೇ ಎಂದ. ನಾನು ಬೆಚ್ಚಿಬಿದ್ದೆ. ಆ ನಗು ನನ್ನದಾಗಿತ್ತು. ಅದನ್ನು ನಾನು ಎಲ್ಲಿಂದ ತಂದಿದ್ದೆ ಎಂಬುದು ಆವಾಗ ಗೊತ್ತಾಯಿತು.

ನನ್ನವ್ವ ಸುಶೀಲಾಬಾಯಿ ಅಡುಗೆ ಮನೆಯಲ್ಲಿ ಒಬ್ಬಳೇ ಸಿಕ್ಕಾಗ ಒಂದೇ ಪ್ರಶ್ನೆ ಕೇಳಿದಳು.

“ಅಂವ ನಿನಗ ಬೇಕಾಗ್ಯಾನೇನ?”

ನಾನು ಅತ್ತೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಇಲ್ಲಿ ಕುಂತ ಅತ್ತರ ಕೊರೋಚಿಗಿ ಕೇಳಸೂದಿಲ್ಲ,” ಎಂದಳು.

ಮರುದಿನ ಮೊದಲ ಎಸ್‌ಟಿ ಹಿಡಿದೆ. ಕೊಲ್ಹಾಪುರದಲ್ಲಿ ಬಸ್ಸು ಬದಲಿಸಿ ಕೊರೋಚಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮುಂದಿನ ಸೋಮವಾರ ಅವನ ವಿಮಾನ. ರಜೆ ಹಾಕಿ ತಂದೆಯ ಮಗ್ಗ ನಡೆಸುತ್ತಿದ್ದ. ಚೆನ್ನವ್ವ ಗೋಡೆಯ ಬದಿಯಲ್ಲಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾಲ್ಕೂ ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು.

ಅವನು ನನ್ನನ್ನು ಕಂಡ. ಮಗ್ಗ ನಿಲ್ಲಿಸಲಿಲ್ಲ, ಹರಿದ ಎಳೆಯೊಂದನ್ನು ಹುಡುಕುವವನಂತೆ ಬಗ್ಗಿದ. ಬಸ್ಸಿನಲ್ಲಿ ಕೂಡಿಸಿಟ್ಟಿದ್ದ ಎಲ್ಲ ಮಾತುಗಳೂ ಆ ಸದ್ದಿನಲ್ಲಿ ಚದುರಿಹೋದವು. ಉಳಿದ ಮೂರು ಶಬ್ದ ಹೇಳಿದೆ. ನನ್ನ ದನಿ ನನಗೇ ಕೇಳಲಿಲ್ಲ. ಅವನು ಕಿವಿಗೆ ಕೈ ಹಚ್ಚಿ, ಏನು ಎಂದು ಹುಬ್ಬೆತ್ತಿದ.

ಆದರೆ ಚೆನ್ನವ್ವನ ಕೈ ರಾಟೆಯ ಮೇಲೆ ನಿಂತಿತ್ತು. ಮೂವತ್ತು ವರ್ಷ ಆ ಸದ್ದಿನಲ್ಲೇ ಸಂಸಾರ ಮಾಡಿದ ಹೆಂಗಸು. ತುಟಿ ನೋಡಿ ಮಾತು ತಿಳಿಯುವುದು ಆ ಗಲ್ಲಿಯ ಹೆಂಗಸರಿಗೆಲ್ಲ ಬರುತ್ತದೆ. ಅವಳು ಎದ್ದು ಬಂದು, ಒಂದಾದ ಮೇಲೊಂದು ನಾಲ್ಕೂ ಸ್ವಿಚ್ ಆರಿಸಿದಳು.

“ಏನಂದ್ಲ?” ಎಂದ ರೋಹನ.

“ನಾ ಹೇಳೂವಂಥಾದ್ದಲ್ಲದು,” ಎಂದಳು ಚೆನ್ನವ್ವ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೂಗು ಮುಚ್ಚಿಕೊಂಡು ನಿಂತವಳನ್ನು ಅವಳು ಮರೆತಿರಲಿಲ್ಲ. “ಸದ್ದಿನಾಗ ಅನ್ನೂದ ಸೋವಿ. ಹೊರಗ ಹೋಗಿ ಇನ್ನೊಮ್ಮೆ ಅನ್ನು ನೋಡೂಣ.”

ಹೊರಗೆ ನಳದ ಹತ್ತಿರ ನಿಂತೆವು. ನೀರಿಗೆ ಬಂದಿದ್ದ ಮೂವರು ಹೆಂಗಸರು ಕೊಡ ಕೆಳಗಿಟ್ಟು ನಮ್ಮ ಕಡೆ ತಿರುಗಿದರು. ಎರಡು ವರ್ಷ ಯಾರಿಗೂ ಕೇಳದಂತೆ ಬಚ್ಚಿಟ್ಟಿದ್ದ ಮಾತಿನಲ್ಲಿ ನಾನು ಅವರೆಲ್ಲರಿಗೂ ಕೇಳುವಂತೆ ಹೇಳಿದೆ.

“ನನಗ ನೀವ ಬೇಕು.”

ಅವನ ಕಿವಿ ಕೆಂಪಾದವು. ಮುಖ ಮಾತ್ರ ಬಿಗಿಯಾಗಿಯೇ ಇತ್ತು. ನಿಮ್ಮಪ್ಪನಿಗೆ ಗೊತ್ತೇ ಎಂದು ಕೇಳಿದ. ಗೊತ್ತು, ನಕ್ಕ ಎಂದೆ. ಮತ್ತೆ ನೀವು, ಎಂದು ಕೇಳಿದ. ನಾನೂ ಮೊದಲು ಹಾಗೇ ನಗುತ್ತಿದ್ದೆ ಎಂದೆ.

“ನನ್ನ ಸಿಟ್ಟ ಇನ್ನೂ ಹೋಗಿಲ್ಲ, ನೇತ್ರಾ,” ಎಂದ. ಮ್ಯಾಡಂ ಎನ್ನಲಿಲ್ಲ. “ನಾಲ್ಕ ತಿಂಗಳ ಅಲ್ಲಿ ಇರ್ತೇನಿ. ಅದನ್ನ ಅಲ್ಲೇ ಬಿಟ್ಟ ಬರಾಕ ನೋಡ್ತೇನಿ. ಬಂದ ಮ್ಯಾಲ ಗಡಹಿಂಗ್ಲಜಕ್ಕ ಬರ್ತೇನಿ. ನಿಮ್ಮಪ್ಪ ಕುರ್ಚಿ ಕೊಡದಿದ್ರ ನಿಂತ ಮಾತಾಡ್ತೇನಿ.”

ನಾಲ್ಕು ತಿಂಗಳು ಅವನು ದಿನಾ ಸಂಜೆ ಫೋನು ಮಾಡಿದ. ಮೊದಲ ತಿಂಗಳು ಬರೀ ಮಗ್ಗದ ಸುದ್ದಿ. ಎರಡನೇ ತಿಂಗಳು ಊಟದ, ಚಳಿಯ ಸುದ್ದಿ. ಮೂರನೇ ತಿಂಗಳು ಒಂದು ದಿನ ಏನೂ ಸುದ್ದಿಯಿಲ್ಲ, ಸುಮ್ಮನೆ ಮಾಡಿದೆ ಎಂದ. ಆವತ್ತು ಅವನ ಸಿಟ್ಟು ಹೋಗಿದೆ ಎಂದು ನನಗೆ ತಿಳಿಯಿತು.

ಹೇಳಿದಂತೆಯೇ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಅಂಗಡಿಯ ಮುಂದೆ ನಿಂತು, ನಿಮ್ಮ ಮಗಳನ್ನು ಕೇಳಲು ಬಂದಿದ್ದೇನೆ ಎಂದ. ಅಪ್ಪ ಕುರ್ಚಿ ಕೊಡಲಿಲ್ಲ. ಗಿರಾಕಿಗಳನ್ನು ಕಳಿಸುತ್ತ, ಬೆಲ್ಲದ ಪೆಂಟೆ ಎತ್ತಿಡುತ್ತ, ಮನೆತನ ಯಾವುದು, ಮನೆ ಸ್ವಂತದ್ದೇ, ನಾಳೆ ಮತ್ತೆ ಪರದೇಶಕ್ಕೆ ಓಡುತ್ತೀಯೇನು ಎಂದು ಒಂದೊಂದಾಗಿ ಕೇಳಿದ. ರೋಹನ ನಿಂತೇ ಒಂದೊಂದಕ್ಕೂ ಉತ್ತರ ಕೊಟ್ಟ. ಸೊಕ್ಕಿಲ್ಲ, ಅಳುಕಿಲ್ಲ.

ಸ್ವಲ್ಪ ಹೊತ್ತು ಒಳಬಾಗಿಲಲ್ಲಿ ನೋಡಿದೆ. ಆಮೇಲೆ ನಾನೂ ಹೊರಗೆ ಹೋಗಿ ಅವನ ಪಕ್ಕದಲ್ಲಿ ನಿಂತುಕೊಂಡೆ. ಅಪ್ಪ ನನ್ನನ್ನು ಒಳಗೆ ಹೋಗು ಎಂದ. ನಾನು ಹೋಗಲಿಲ್ಲ. ಗಿರಾಕಿಗಳು ಬಂದರು, ಹೋದರು. ನಲವತ್ತು ನಿಮಿಷವಾಗಿರಬೇಕು. ಕೊನೆಗೆ ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡದೆ, ತಕ್ಕಡಿ ಒರೆಸುತ್ತ ಹೇಳಿದ:

“ಇಬ್ಬರೂ ಕುಂದರ್ರಿ.”